ಕೈದಿ ಕ್ಯಾಮಿಲಸರ ಕಡೆಯ ಅರ್ಜಿ

“ಗಡುವು ಮೀರಿದೆ. ಅರ್ಜಿ ವಜಾ,” ಎಂದರು ನ್ಯಾಯಾಧೀಶೆ.

ಇದು ಎರಡನೆಯ ಸಲ. ಕೈದಿ ಕ್ಯಾಮಿಲಸರು ವಕೀಲರನ್ನು ಇಟ್ಟುಕೊಂಡಿರಲಿಲ್ಲ. ತಮ್ಮ ಹಕ್ಕುಗಳಿಗಾಗಿ ತಾವೇ ವಾದಿಸುತ್ತಿದ್ದರು. ಫೋನು ಮುಟ್ಟುಗೋಲಾಗಿತ್ತು. ಬಾಗಿಲಿನ ಕೀಲಿ ಜೈಲರಮ್ಮನ ಕೈಚೀಲದಲ್ಲಿತ್ತು. ಕಿಟಕಿಯಾಚೆ ಅಬುಧಾಬಿಯ ಬನಿಯಾಸ್ ಬಡಾವಣೆಯ ಬಿಸಿಲು, ಯಾರೂ ಓದದ ಪದ್ಯದಂತೆ, ಸುಮ್ಮನೆ ಬಿದ್ದುಕೊಂಡಿತ್ತು.

ಅರ್ಜಿಯ ಆರೋಪಗಳು ಗಂಭೀರ. ಬೆಳಗಿನ ನಾಲ್ಕೂವರೆಗೇ ಎಬ್ಬಿಸುತ್ತಾರೆ. ಹನ್ನೊಂದಕ್ಕೇ ಮಧ್ಯಾಹ್ನದ ಊಟ ಮುಗಿಸುತ್ತಾರೆ. ಆರೂವರೆಗೇ ರಾತ್ರಿಯ ಗಂಜಿ, ಅದೂ ಉಪ್ಪಿಲ್ಲದ್ದು. ಇಲ್ಲಿನ ಸೂರ್ಯನೂ ಜೈಲರಮ್ಮನ ಕಡೆಯವನೇ. ಅವಳು ಎಬ್ಬಿಸುವ ಹೊತ್ತಿಗೆ ತಾನೂ ಎದ್ದು ನಿಂತಿರುತ್ತಾನೆ.

ಜೈಲರಮ್ಮ ಎಂದರೆ ಸೊಸೆ ಜೋಯ್ಲಿನ್, ಅಬುಧಾಬಿಯ ಆಸ್ಪತ್ರೆಯೊಂದರ ನರ್ಸ್. ನ್ಯಾಯಾಧೀಶೆ, ಹೆಂಡತಿ ಒಲಿಂಡಾ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ವಿಸಿಟ್ ವೀಸಾದಲ್ಲಿ ಬಂದ ಮಾವ, ಫೋನಿನಲ್ಲಿ ಗುಟ್ಟಾಗಿ ಮಟನ್ ಬಿರಿಯಾನಿ ತರಿಸಿದ್ದೇ ಬಂಧನಕ್ಕೆ ಮೂಲ. ಗಡುವಿನ ನಿಯಮ ಮಾಡಿದವರು ಮಾತ್ರ ಸ್ವತಃ ಕೈದಿ. ಕುಂದಾಪುರದ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರಲ್ಲವೇ? ಅರ್ಜಿ ಸಂಜೆ ಐದರೊಳಗೆ ಊಟದ ಮೇಜಿಗೆ ಬರಬೇಕು. ತಡವಾದರೆ ದೇವರಿಗೂ ವಿನಾಯಿತಿಯಿಲ್ಲ.

ಮರುದಿನವೇ ಕಡೆಯ ಅವಕಾಶ. ಅದರ ಮರುದಿನ ದುಬೈಯಲ್ಲಿ ಗೆಳೆಯ ವಿಲ್ಸನ್‌ನ ಮಗಳ ರೋಸ್, ಮದುವೆಯ ಮುಂಚಿನ ಶಾಸ್ತ್ರ. ಮದುಮಗಳಿಗೆ ತೆಂಗಿನ ಹಾಲು ಹಚ್ಚಿದ ಮೇಲೆ ಹಂದಿಮಾಂಸದ ಊಟ. ಕೈದಿ ಬೇಡಿದ್ದು ಇಷ್ಟೇ: ಒಂದು ಸಂಜೆಯ ಬಿಡುಗಡೆ, ತಟ್ಟೆಯಲ್ಲಿ ಎರಡು ತುಂಡು.

ಈ ಕಡೆಯ ಅರ್ಜಿಯನ್ನು ಕ್ಯಾಮಿಲಸರು ನಿಧಾನವಾಗಿ ಬರೆದರು. ನಡುನಡುವೆ ಕೈಗಡಿಯಾರ ನೋಡುವರು, ಕಣ್ಣು ಮುಚ್ಚುವರು, ತುಟಿಯಲ್ಲೇ ಏನೋ ಗುನುಗುವರು. ಇನ್ನೂ ಸಮಯವಿದೆ. ‘ಅಮಾನುಷ’ ಎಂಬುದನ್ನು ಹೊಡೆದುಹಾಕಿ ‘ನಿಷ್ಕರುಣ’ ಎಂದು ತಿದ್ದಿದರು. ಆಮೇಲೆ ಗೆದ್ದವರ ನಡಿಗೆಯಲ್ಲಿ ಮೇಜಿಗೆ ಬಂದರು.

“ಇಕೊಳ್ಳಿ! ನಾಲ್ಕೂವರೆಗೇ ತಂದಿದ್ದೇನೆ.”

“ಗಂಟೆ ಆರಾಯ್ತು ಮಾರಾಯ್ರೆ,” ಜೋಯ್ಲಿನ್ ನಕ್ಕಳು.

“ನಿನ್ನ ಅಡುಗೆಮನೆಯ ಗಡಿಯಾರ ಸುಳ್ಳುಸಾಕ್ಷಿ! ಮುಳ್ಳು ಮುಂದೆ ದೂಡಿದ್ದೀ!”

“ನಿಮ್ಮ ವಾಚು ತೋರಿಸಿ ಮಾವ, ನೋಡುವ.”

ಕೈದಿ ವಾಚಿನ ಮೇಲೆ ಅಂಗೈ ಮುಚ್ಚಿದರು. “ಈ ಸಾಕ್ಷ್ಯ ಮೇಲ್ಮನವಿಗೆ ಮೀಸಲು.”

“ವಜಾ,” ಎಂದರು ಒಲಿಂಡಾ, ಬೆಳ್ಳುಳ್ಳಿ ಸುಲಿಯುತ್ತಲೇ. “ಮೇಲ್ಮನವಿಯೂ ನನ್ನ ಹತ್ತಿರವೇ ಬರುವುದು, ನೆನಪಿರಲಿ.”

ಮರುದಿನ ಕೈದಿಯನ್ನು ಮಗನ ಕಾವಲಿಗೆ ಬಿಟ್ಟು ಅತ್ತೆ ಸೊಸೆ ರೋಸಿಗೆ ಹೊರಟರು. ದುಬೈ ರಸ್ತೆಯಲ್ಲಿ ಕಾರು ಓಡಿಸುತ್ತ ಜೋಯ್ಲಿನ್ ಕೇಳಿದಳು:

“ಮಾಮಿ, ಮಾವ ವಾಚು ನೋಡಿ ಕಣ್ಣು ಮುಚ್ಚಿ ಜಪ ಮಾಡುವುದು ಎಂತಕ್ಕೆ?”

“ಜಪ ಅಲ್ಲ ಮಗಾ, ಲೆಕ್ಕ. ಎಲ್ಲಿಗೆ ಹೋದರೂ ಕೈಯಲ್ಲಿ ಊರಿನ ಗಂಟೆಯೇ ಇರಬೇಕಂತೆ. ಅದರಿಂದ ಒಂದೂವರೆ ಗಂಟೆ ಕಳೆದು ಇಲ್ಲಿನ ಗಂಟೆ ಮಾಡ್ತಾರೆ.”

ಜೋಯ್ಲಿನ್ ಹುಬ್ಬು ಗಂಟಿಕ್ಕಿದಳು. “ಹಾಗಾದ್ರೆ ಲೆಕ್ಕ ಸರಿಯೇ ಉಂಟಲ್ಲ?”

ಒಲಿಂಡಾ ಮುಡಿಯ ಮಲ್ಲಿಗೆ ಸರಿಪಡಿಸಿಕೊಂಡರು.

“ಸರಿಯೇ ಇರ್ತಿತ್ತು, ವಿಮಾನದಲ್ಲಿ ಅವರು ಗೊರಕೆ ಹೊಡೆಯುವಾಗ ನಾನು ಆ ಮುಳ್ಳನ್ನು ಮೆಲ್ಲ ಇಲ್ಲಿನ ಗಂಟೆಗೆ ತಿರುಗಿಸದೆ ಇದ್ದಿದ್ದರೆ.”