ಅರ್ಧ ಇಂಚು ಟೀ

ಭಾವ ಮೂವರಿಗೆ ಟೀ ಸುರಿದರು. ಮನೆಯಲ್ಲಿದ್ದವರು ಇಬ್ಬರೇ. ತಮಗೊಂದು ಗಾಜಿನ ಲೋಟ, ಹೆಂಡತಿಯ ತಂಗಿಗೊಂದು ಗಾಜಿನ ಲೋಟ. ಮೂರನೆಯದು, ಅಂಚಿಗೆ ನೀಲಿ ಬಳ್ಳಿ ಸುತ್ತಿದ ಬೋನ್ ಚೈನಾ ಕಪ್ಪು, ಅಕ್ಕ ಕೂರುತ್ತಿದ್ದ ಕುರ್ಚಿಯ ಮುಂದೆ. ಅಕ್ಕ ತೀರಿಕೊಂಡು ಮೂರು ವಾರವಾಗಿತ್ತು. ತಂಗಿಯ ಕಣ್ಣು ಖಾಲಿ ಕುರ್ಚಿಯ ಮೇಲಿರಲಿಲ್ಲ, ಕಪ್ಪಿನ ಮೇಲಿತ್ತು.

ಅವಳನ್ನು ಮನೆಮಂದಿ ಪಿಂಗಾಣಿ ಎಂದೇ ಕರೆಯುತ್ತಿದ್ದರು, ಅದೇನೂ ಸುಮ್ಮನೆ ಬಂದ ಹೆಸರಲ್ಲ. ಹಗಲೆಲ್ಲ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೂತು ಕಂಡವರ ಪಿಂಗಾಣಿ ಹಲ್ಲಿಗೆ ಬಿಳುಪು ಹೊಂದಿಸುವ ಕೆಲಸ. ಸಂಜೆ ಮನೆಗೆ ಬಂದರೆ ಗಾಜಿನ ಬೀರುವಿನ ಮುಂದೆ ಕೂತು ಕಪ್ಪುಗಳ ಬಿಳುಪು ನೋಡುವ ಸುಖ. ನಲವತ್ತಮೂರು ಕಪ್ಪು ಕೂಡಿಸಿದ್ದಳು, ಒಂದರಲ್ಲೂ ಟೀ ಕುಡಿದವಳಲ್ಲ. ಅಷ್ಟಿದ್ದರೂ ಜೀವವೆಲ್ಲ ಅಮ್ಮನ ನೀಲಿ ಬಳ್ಳಿಯ ಸೆಟ್ಟಿನ ಮೇಲೆ. ಐದು ಇವಳ ಹತ್ತಿರ, ಆರನೆಯದು ಅಕ್ಕನ ಹತ್ತಿರ. ಚಿಕ್ಕಂದಿನಲ್ಲಿ ಇವಳು ಸಿಟ್ಟಿನಿಂದ ದಢಾರನೆ ಬಾಗಿಲು ಹಾಕಿದಾಗ ಅಕ್ಕನ ಕಿರುಬೆರಳು ಸಿಕ್ಕಿಕೊಂಡು ಅರ್ಧಕ್ಕೇ ತುಂಡಾಗಿ ಹೋಯಿತು. ಆಸ್ಪತ್ರೆಯಿಂದ ಬಂದ ಮಗಳ ಅಳು ನಿಲ್ಲಿಸಲು ಅಮ್ಮ ಸೆಟ್ಟಿನಿಂದ ಒಂದು ಕಪ್ಪು ತೆಗೆದು ಕೊಟ್ಟಳು. ಆಮೇಲೆ ಇವಳು ಎಷ್ಟು ಸಲ ಕೇಳಿದರೂ ಅಕ್ಕನದು ಒಂದೇ ಮಾತು: “ನನ್ನ ಬೆರಳು ವಾಪಸ್ ಕೊಡು, ಕಪ್ಪು ಕೊಡ್ತೀನಿ.” ನಗುತ್ತಲೇ ಹೇಳುತ್ತಿದ್ದಳು. ಕೊನೆಯವರೆಗೂ ಕೊಡಲಿಲ್ಲ.

ಭಾವ ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು. ತಮ್ಮ ಲೋಟ ಮುಗಿಸಿದವರೇ ಟೇಪು ತೆಗೆದು ಅಕ್ಕನ ಕಪ್ಪಿನ ಅಂಚಿಗೆ ಹಿಡಿದರು.

“ನಗಬೇಡ ಪಿಂಗಾಣಿ. ದಿನಾ ನಾಲ್ಕು ಗಂಟೆಗೆ ಅಂಚಿನವರೆಗೂ ಸುರೀತೀನಿ. ನಂದು ಕುಡಿದು ಮುಗಿಯೋ ಹೊತ್ತಿಗೆ ಇದು ಅರ್ಧ ಇಂಚು ಇಳಿದಿರುತ್ತೆ. ಬೇಕಾದ್ರೆ ನೀನೇ ನೋಡು.”

ನೋಡಿದಳು. ಸರಿಯಾಗಿ ಅರ್ಧ ಇಂಚು.

“ಆವಿಯಾಗಿರುತ್ತೆ ಬಿಡಿ ಭಾವ. ಬಿಸಿ ಟೀ ಅಲ್ವಾ.”

“ಪಕ್ಕದಲ್ಲಿ ಇನ್ನೊಂದು ಲೋಟಾನೂ ಇಟ್ಟು ನೋಡಿದೀನಮ್ಮಾ. ಅದು ಇಳಿಯಲ್ಲ.” ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. “ನಿಮ್ಮಕ್ಕ ಯಾವತ್ತು ಪೂರ್ತಿ ಟೀ ಕುಡಿದಿದ್ಲು ಹೇಳು? ಎರಡು ಗುಟುಕು, ಆಮೇಲೆ ಬರೀ ಮಾತು. ಈ ಅರ್ಧ ಇಂಚು ಇದೆಯಲ್ಲ ಅಂತ ಬೆಳಗಾದ್ರೆ ಎದ್ದು ಅಂಗಡಿ ಬಾಗಿಲು ತೆಗೀತಿದೀನಿ. ಇಲ್ದಿದ್ರೆ ಯಾವ ಸುಖಕ್ಕೆ?”

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಳು. ಕನಿಕರ ನಿಜವಾದದ್ದೇ. ಆದರೆ ಕನಿಕರ ಒಂದು ಕಡೆ, ಕೈಚೀಲದಲ್ಲಿ ಟವೆಲ್ಲು ಸುತ್ತಿ ತಂದಿದ್ದ ನಕಲಿ ಕಪ್ಪು ಇನ್ನೊಂದು ಕಡೆ. ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ ಹುಡುಕಿದ್ದು. ಅದೇ ನೀಲಿ ಬಳ್ಳಿ, ಅದೇ ಹಿಡಿಕೆ, ಮಣ್ಣು ಮಾತ್ರ ಬೇರೆ. ದಾರದ ಎಳೆ ನೋಡಿ ಬಟ್ಟೆಯ ಜಾತಕ ಹೇಳುವ ಭಾವನಿಗೆ ಕಪ್ಪುಗಳ ಗಂಧಗಾಳಿಯೂ ಇರಲಿಲ್ಲ.

“ನೀವು ಕೂತ್ಕೊಳ್ಳಿ ಭಾವ, ನಾನು ತೊಳೆದಿಡ್ತೀನಿ,” ಎಂದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದಿನಲ್ಲಿ ಕಪ್ಪು ಬದಲಾಯಿತು. ಬೀಳ್ಕೊಡಲು ಬಾಗಿಲವರೆಗೆ ಬಂದ ಭಾವ, “ಆ ಕಪ್ಪನ್ನ ನಿನ್ನಷ್ಟು ಜೋಪಾನವಾಗಿ ಯಾರೂ ಹಿಡಿಯಲ್ಲಮ್ಮಾ,” ಎಂದರು. ಅವಳಿಗೆ ಅವರ ಮುಖ ನೋಡಲಾಗಲಿಲ್ಲ.

ತಣ್ಣೀರಲ್ಲಿ ತೊಳೆದ ಕಪ್ಪು, ಮನೆ ತಲುಪಿದಾಗಲೂ ಬೆಚ್ಚಗಿತ್ತು. ಚೀಲವನ್ನು ಹೊಟ್ಟೆಗವಚಿಕೊಂಡು ಬಂದದ್ದಕ್ಕಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಷ್ಟರಲ್ಲಿ ಕತ್ತಲಾಗಿತ್ತು, ಅಸಲಿಯ ಪರೀಕ್ಷೆಗೆ ಹಗಲಿನ ಬೆಳಕೇ ಬೇಕು. ಬೋನ್ ಚೈನಾದ ಮಣ್ಣಿಗೆ ಮೂಳೆಯ ಬೂದಿ ಬೆರೆಸಿ ಸುಟ್ಟಿರುತ್ತಾರೆ. ಬೆಳಕಿಗೆ ಎತ್ತಿ ಹಿಡಿದರೆ ಹಿಂದೆ ಇಟ್ಟ ಬೆರಳಿನ ನೆರಳು ಒಳಗೆ ಕಾಣಬೇಕು.

ಮರುದಿನ ರಜೆ. ಕೋಣೆಗೆ ಇಳಿಬಿಸಿಲು ಬಂದ ಹೊತ್ತಿಗೆ ಆರನ್ನೂ ಸಾಲಾಗಿ ಇಟ್ಟು ಕಣ್ತುಂಬ ನೋಡಿದಳು. ಆಮೇಲೆ ಆರನೆಯದರ ಹಿಡಿಕೆಯನ್ನು ಬಲಗೈಯಲ್ಲಿ ಹಿಡಿದು, ಎಡಗೈಯ ನಾಲ್ಕು ಬೆರಳನ್ನು ಹೊರಗಡೆಯಿಂದ ಒತ್ತಿ, ಕಿಟಕಿಗೆ ಎತ್ತಿ ಒಳಗೆ ಇಣುಕಿದಳು. ನಾಲ್ಕು ಬೆರಳಿನ ನೆರಳು ಸ್ಪಷ್ಟವಾಗಿ ಬಿದ್ದಿತ್ತು. ಅಪ್ಪಟ ಮಾಲು. ನಿರಾಳವಾಗಿ ಉಸಿರುಬಿಡುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕಪ್ಪನ್ನು ಇಳಿಸದೆಯೇ ಎಡಗೈ ತೆಗೆದು ಫೋನೆತ್ತಿದಳು.

“ಪಿಂಗಾಣಿ, ನಾನಮ್ಮಾ, ಭಾವ. ನಾಲ್ಕೂವರೆ ಆಯ್ತು. ಟೀ ಸುರಿದದ್ದು ಸುರಿದ ಹಾಗೇ ಇದೆ. ಮೂರು ಸಲ ಅಳೆದೆ. ಒಂದು ನೂಲಿನಷ್ಟೂ ಇಳಿದಿಲ್ಲ.” ಅವರು ಅಳುತ್ತಿದ್ದರು.

“ನಾಳೆ ನೋಡೋಣ ಭಾವ,” ಎಂದಳು.

“ತಪ್ಪು ತಿಳ್ಕೋಬೇಡ, ಬೇರೆ ಯಾರನ್ನ ಕೇಳಲಿ? ನಿನ್ನೆ ನೀನು ಹೊರಟಾಗ, ಅವಳೇನಾದ್ರೂ ನಿನ್ನ ಹಿಂದೆ ಬಂದ್ಲಾ?”

ಇಲ್ಲ ಭಾವ, ಇಲ್ಲಿ ನಾನೊಬ್ಬಳೇ ಎನ್ನಲು ಬಾಯಿ ತೆರೆದವಳ ಕಣ್ಣು ಕಪ್ಪಿನೊಳಗೆ ಬಿತ್ತು. ಎಡಗೈ ಫೋನು ಹಿಡಿದು ಕಿವಿಯ ಹತ್ತಿರವಿತ್ತು. ಬಲಗೈ ಹಿಡಿಕೆಯಲ್ಲಿತ್ತು. ಬಿಸಿಲಿಗೆ ಬೆಳಗಿದ ಬಿಳುಪಿನ ಮೇಲೆ ನಾಲ್ಕು ಬೆರಳಿನ ನೆರಳು ಹಾಗೇ ಇತ್ತು. ಕೊನೆಯದು ಅರ್ಧ.