ಹಿತಾಳ ಕೆಂಪು ಗೆರೆ

ಐಸ್ ಎಂದರೆ ಝುಬೈದಾರಿಗೆ ಮೊದಲು ನೆನಪಾಗುವುದು ಮೀನಿನ ವಾಸನೆ. ಚಿಕ್ಕಂದಿನಲ್ಲಿ ಮಂಗಳೂರು ಬಂದರಿನ ದಕ್ಕೆಯಲ್ಲಿ ಬಂಗುಡೆಯ ಬುಟ್ಟಿಗೆ ಪುಡಿ ಐಸ್ ಸುರಿಯುವಾಗ ಏಳುತ್ತಿದ್ದ ವಾಸನೆ. ಮಸ್ಕತ್‌ನ ಈ ಸ್ಕೇಟಿಂಗ್ ರಿಂಕ್‌ನ ಐಸ್‌ಗೆ ಯಾವ ವಾಸನೆಯೂ ಇಲ್ಲ. ಅವರಿಗೆ ಇಲ್ಲಿ ಕೌಂಟರಿನ ಕೆಲಸ; ಮಕ್ಕಳಿಗೆ ಸ್ಕೇಟ್ಸ್ ಕೊಡುವುದು, ಚೀಲ ನೋಡಿಕೊಳ್ಳುವುದು.

ಆ ಸಂಜೆ ಕೌಂಟರಿನ ಮುಂದೆಯೇ ಹುಡುಗಿಯರ ಐಸ್-ಹಾಕಿ ತಂಡದ ಕೋಚ್ ಓಲ್ವಿನ್, ಆಟಗಾರ್ತಿ ಹಿತಾಳ ತಂದೆ ಸಚ್ಚಿದಾನಂದರಿಗೆ ಟ್ಯಾಬ್ ಹಿಡಿದು ತೋರಿಸುತ್ತಿದ್ದ. ಹುಡುಗಿಯರ ಎದೆಗೆ ಕಟ್ಟಿದ ಸೆನ್ಸರ್ ಓಟ, ವೇಗ, ಎದೆಬಡಿತ ಎಲ್ಲವನ್ನೂ ಅದಕ್ಕೆ ಕಳಿಸುತ್ತದೆ. ಹತ್ತು ದಿನದಿಂದ ಅದರ ಗ್ರಾಫಿನಲ್ಲಿ ಹಿತಾಳ ಕೆಂಪು ಗೆರೆ ಇಳಿಯುತ್ತಲೇ ಇತ್ತು.

“ಎಂತ ಮಾಡುದು ಸರ್? ದುಬೈ ಟೂರ್ನಮೆಂಟಿನ ಟೀಮಿನಿಂದ ತೆಗೀಬೇಕಾಗ್ತದೆ. ಡೇಟಾ ಸುಳ್ಳು ಹೇಳುದಿಲ್ಲ.”

“ಆಕಿ ಗೆಳತಿ ನಾಝಿಯಾಂದೂ ಕೆಳಗೇ ಅದಲ್ರಿ? ಮತ್ತ ಆಕಿಗೆ ಹ್ಯಾಂಗ ಹಸಿರು?”

“ಅವಳಿಗೆ ರಂಜಾನ್ ಟಿಕ್ ಉಂಟು ಸರ್. ಉಪವಾಸದವರಿಗೆ ಸಾಫ್ಟ್‌ವೇರೇ ರಿಯಾಯಿತಿ ಕೊಡ್ತದೆ. ಹೆಸರು ನೋಡಿ ನಾನೇ ಟಿಕ್ ಹಾಕಿದ್ದು.”

ಸಚ್ಚಿದಾನಂದರೂ ಅಲ್ ಖುವೈರ್‌ನ ಆಫೀಸಿನಲ್ಲಿ ಅಂಕಿಅಂಶದ ಕೆಲಸದವರೇ. ಮಗಳ ನಿದ್ದೆಯ ಗ್ರಾಫ್ ತೆಗೆದರು, ಸ್ಕೇಟ್ಸ್‌ನ ತೂಕ ವಿಚಾರಿಸಿದರು, ಕೊನೆಗೆ ಪ್ರೋಟೀನ್ ಪುಡಿ ಬದಲಿಸುವುದೆಂದು ತೀರ್ಮಾನಿಸಿದರು. ಎರಡು ಮಾರು ದೂರದ ಬೆಂಚಿನಲ್ಲಿ, ನಾಝಿಯಾಳ ಪಕ್ಕ, ಹಿತಾ ಒಣತುಟಿ ಸವರಿಕೊಳ್ಳುತ್ತ ಕುಳಿತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಝುಬೈದಾರಿಗೆ ಕೇಳುವ ಅಗತ್ಯವಿರಲಿಲ್ಲ. ಹಿತಾ ತನ್ನ ನೀರಿನ ಬಾಟಲಿಯನ್ನು ದಿನಾ ಅವರ ಕೈಗೇ ಕೊಡುತ್ತಾಳೆ. ಹತ್ತು ದಿನದಿಂದ ಅದು ತುಂಬಿದ ಹಾಗೆಯೇ ಹಿಂತಿರುಗುತ್ತಿದೆ. ಅವರು ಆ ಬಾಟಲಿಯನ್ನು ತಂದು ಟ್ಯಾಬ್‌ನ ಪಕ್ಕ ಇಟ್ಟರು.

ಸಚ್ಚಿದಾನಂದರು ಅದನ್ನೆತ್ತಿ ನೋಡಿದರು. “ಏನವ್ವಾ ಹಿತಾ, ಒಂದ್ ಗುಟುಕೂ ಕುಡಿದಿಲ್ಲಲ್ಲ?”

“ನಾಝಿಯಾ ಎದುರಿಗೆ ಹ್ಯಾಂಗ ಕುಡೀಲಿ ಪಪ್ಪಾ? ನಾನೂ ಉಪವಾಸ. ಹೇಳಿದ್ರ ನೀವು ಬಿಡ್ತಿದ್ದಿಲ್ಲ.”

ಓಲ್ವಿನ್‌ನ ಬೆರಳು ಹಿತಾಳ ಹೆಸರಿನ ಮುಂದಿನ ಖಾಲಿ ಚೌಕದವರೆಗೆ ಹೋಗಿ ತಡೆಯಿತು.

“ಅಲ್ಲ ಸರ್... ಹೆಸರು ಹಿತಾ ಅಂತ ಉಂಟಲ್ಲ?”

ಹೊರಗೆ ಮಗ್ರಿಬ್ ಬಾಂಗ್ ಕೇಳಿಸಿತು; ಉಪವಾಸ ಬಿಡುವ ಹೊತ್ತು. ಝುಬೈದಾ ಕೌಂಟರಿನ ಕೆಳಗಿನಿಂದ ಮೂರು ತಿಂಡಿ ಡಬ್ಬಿ ತೆಗೆದರು. ಯಾವುದರ ಮೇಲೂ ಹೆಸರಿರಲಿಲ್ಲ. ಒಂದನ್ನು ತಮಗೆಂದು ಬದಿಗಿಟ್ಟು, ಉಳಿದೆರಡನ್ನು ಬೆಂಚಿನತ್ತ ಚಾಚಿದರು.