ನಿಂಬೆರಸದ ಕಲೆಯಿರುವ ಪುಟ

ಆ ನಗೆ ಕಾದಂಬರಿಯ ಒಂದು ಪುಟದ ಮೇಲೆ ನಿಂಬೆರಸದ ಕಲೆಯಿದೆ. ಇವತ್ತಿಗೂ ಅದನ್ನು ತೆರೆದರೆ ಇಂಡಿ ಊರಿನ ನಮ್ಮ ಪಡಸಾಲೆಯೇ ಮೂಗಿಗೆ ಬಡಿಯುತ್ತದೆ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ನಿಂಬೆಹಣ್ಣು ವಿಂಗಡಿಸುವಾಗ ನಾನು ಗಟ್ಟಿಯಾಗಿ ಓದಬೇಕು. ಕಾದಂಬರಿಯಲ್ಲಿ ಒಬ್ಬ ವಿಧವೆ, ತನ್ನ ಜೋಳದ ಮೇಲೆ ಕಣ್ಣು ಹಾಕಿದ ಸಾವಕಾರನನ್ನು ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿಸಿ ಏಣಿ ಎಳೆದುಕೊಳ್ಳುತ್ತಾಳೆ. ಅಲ್ಲಿಗೆ ಬಂದಾಗಲೆಲ್ಲ ಆಯಿ ಬುಟ್ಟಿ ಬಡಿದು ನಗುತ್ತಿದ್ದಳು.

ಒಂದು ಮಧ್ಯಾಹ್ನ ಅದರ ಸಿನಿಮಾ ಟಿವಿಯಲ್ಲಿ ಬಂತು. ನೋಡಿದರೆ, ಹಗೇವಿಗೆ ಬಿದ್ದವಳು ವಿಧವೆ! ಸಾವಕಾರನೇ ಹಗ್ಗ ಬಿಟ್ಟು ಅವಳನ್ನು ಎತ್ತಿದ. ಅವಳು ಅಳುತ್ತ ಅವನ ಕಾಲಿಗೆ ಬಿದ್ದಳು.

"ಪುಸ್ತಕದಾಗ ಹಿಂಗಿಲ್ಲ!" ಎಂದು ಕೂಗಿದೆ.

"ಸುಮ್ಮ ಕುಂದ್ರು. ಸಿನಿಮಾದಾಗ ಹಿಂಗ ಇದ್ರನ ಚಂದ," ಎಂದರು ಜೊತೆಗೆ ನೋಡುತ್ತಿದ್ದ ಅಪ್ಪನ ತಮ್ಮ, ಕಾಕಾ.

ಗಂಡ, ನಮ್ಮ ಮುತ್ಯಾ, ತೀರಿಕೊಂಡ ಮೇಲೆ ಮೈದುನರೊಂದಿಗೆ ಬಡಿದಾಡಿ ತೋಟ ಉಳಿಸಿಕೊಂಡಿದ್ದ ಆಯಿ ಎದ್ದು ಟಿವಿ ಬಂದ್ ಮಾಡಿದಳು. ಒಡೆದ ನಿಂಬೆಹಣ್ಣು ಆರಿಸುತ್ತಿದ್ದ, ರಸ ಸೋರುವ ಕೈಯಲ್ಲೇ, ಮೂಲೆ ಮಡಚಿದ್ದ ಪುಟ ತೆರೆದು ನನ್ನ ಮುಂದಿಟ್ಟಳು.

"ಓದವಾ. ಸಾವಕಾರ ಒಳಗ ಇಳೀಲಿ. ನಾ ಹೇಳೂ ಮಟಾ ಏಣಿ ಕೆಳಗ ಬಿಡಬ್ಯಾಡ."